ದಂತ ಫ್ಲೋರೋಸಿಸ್: 7ನೇ ತರಗತಿಯಲ್ಲಿ ಒಂದು ಬೋಧನಾಭ್ಯಾಸ ಪಾಠ

ಹಿನ್ನೆಲೆ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮಾರಿಕುಪ್ಪಂನ ಒಂದು ಶಾಲೆ. 7ನೇ ತರಗತಿಯ ‘ಪ್ರಾಣಿಗಳಲ್ಲಿ ಪೋಷಣೆ’ ಘಟಕದಲ್ಲಿ ಹಲ್ಲಿನ ವಿಷಯ ಬರುತ್ತದೆ. ಪಾಠ ವೀಕ್ಷಣೆಯ ವಾರದಲ್ಲೇ ಕೆಲವು ಮಕ್ಕಳ ಬಾಚಿಹಲ್ಲುಗಳ ಮೇಲೆ ಸುಣ್ಣದಂತಹ ಬಿಳಿ ಗೆರೆ, ಕಂದು ಕಲೆ ಕಂಡಿದ್ದವು. ಒಬ್ಬ ಹುಡುಗಿ ಉತ್ತರ ಹೇಳುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. “ಅವಳು ಹಲ್ಲೇ ಉಜ್ಜಲ್ಲ ಮಿಸ್” ಎಂದು ಪಕ್ಕದವರು ನಗುತ್ತಿದ್ದರು. ಈ ಮಾತು ಏಕೆ ತಪ್ಪು ಎಂದು ಮಕ್ಕಳೇ ಕಂಡುಕೊಳ್ಳಬೇಕು. ಆದರೆ ಯಾವ ಮಗುವಿನ ಬಾಯಿಯೂ ಬೋಧನೋಪಕರಣ ಆಗಬಾರದು. ಈ ಎರಡನ್ನೂ ಇಟ್ಟುಕೊಂಡು ಪಾಠ ಯೋಜಿಸಿದೆ.

ವಿಷಯಾಂಶ

ಹಲ್ಲಿನ ಬೆಳವಣಿಗೆಯ ದೋಷಗಳು ಸಂಖ್ಯೆ (ಹಲ್ಲು ಮೂಡದಿರುವುದು, ಹೆಚ್ಚುವರಿ ಹಲ್ಲು), ಗಾತ್ರ ಮತ್ತು ಆಕಾರ (ಗೂಟದಂತಹ ಸಣ್ಣ ಹಲ್ಲು, ಕೂಡಿಕೊಂಡ ಹಲ್ಲು) ಹಾಗೂ ರಚನೆಗೆ ಸಂಬಂಧಿಸಿರುತ್ತವೆ. ಫ್ಲೋರೋಸಿಸ್ ರಚನೆಯ ದೋಷ. ದವಡೆಯೊಳಗೆ ಎನಾಮಲ್ ರೂಪುಗೊಳ್ಳುವಾಗ ದೇಹಕ್ಕೆ ಹೆಚ್ಚು ಫ್ಲೋರೈಡ್ ಸೇರಿದರೆ ಎನಾಮಲ್ ಪೂರ್ತಿ ಗಟ್ಟಿಯಾಗುವುದಿಲ್ಲ.

ಕೋಲಾರ ಜಿಲ್ಲೆಯ ಅನೇಕ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಗ್ರಾನೈಟ್‌ನಂತಹ ಬಂಡೆಗಳ ಖನಿಜಗಳಿಂದ ಅದು ಅಂತರ್ಜಲಕ್ಕೆ ಕರಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಮೂಲ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿ.

ವೈದ್ಯಕೀಯವಾಗಿ, ಸೌಮ್ಯ ಫ್ಲೋರೋಸಿಸ್ ಬರೀ ನೋಟದ ಸಮಸ್ಯೆ. ತೀವ್ರವಾದರೆ ಎನಾಮಲ್‌ನಲ್ಲಿ ಗುಳಿ ಬಿದ್ದು ಚಕ್ಕೆ ಏಳುತ್ತದೆ. ಹುಳುಕು ಸಾಮಾನ್ಯವಾಗಿ ಒಂದು ಜಾಗದಲ್ಲಿ ಶುರುವಾಗಿ ಕುಳಿಯಾಗುತ್ತದೆ. ಫ್ಲೋರೋಸಿಸ್ ಕಲೆ ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ ಇರುತ್ತದೆ, ಉಜ್ಜಿದರೆ ಹೋಗದು. ಜ್ವರ, ಹಾಲುಹಲ್ಲಿಗೆ ಬಿದ್ದ ಪೆಟ್ಟು, ಕೆಲವು ಔಷಧಿಗಳಿಂದಲೂ ಕಲೆ ಬರಬಹುದು. ಆದ್ದರಿಂದ ನಿರ್ಣಯ ದಂತವೈದ್ಯರದು, ಶಿಕ್ಷಕರದಲ್ಲ.

ಪಾಠದ ನಡೆ

ಕನ್ನಡಿ ಹಿಡಿದು ಹಲ್ಲು ನೋಡುವ ಚಟುವಟಿಕೆಯ ಬದಲು, ಬಾಯಿ ಮುಚ್ಚಿಕೊಂಡೇ ನಾಲಿಗೆಯ ತುದಿಯಿಂದ ಹಲ್ಲು ಎಣಿಸಲು ಹೇಳಿದೆ. ಎಲ್ಲರೂ ಭಾಗವಹಿಸಿದರು.

ನಂತರ ಕಪ್ಪುಹಲಗೆಯ ಮೇಲೆ 0ಯಿಂದ 8 ವರ್ಷದವರೆಗೆ ಕಾಲರೇಖೆ ಎಳೆದೆ. ಶಾಶ್ವತ ನಡು ಬಾಚಿಹಲ್ಲಿನ ಎನಾಮಲ್ ಮಗುವಿಗೆ 3–4 ತಿಂಗಳಾದಾಗ ಶುರುವಾಗಿ 4–5 ವರ್ಷಕ್ಕೆ ಮುಗಿಯುತ್ತದೆ. ಹಲ್ಲು ಹೊರಬರುವುದು 7–8 ವರ್ಷಕ್ಕೆ. “ಹಾಗಾದರೆ ಕಲೆ ಯಾವಾಗ ಬಿತ್ತು?” ಎಂದು ಕೇಳಿದೆ. ತುಸು ಹೊತ್ತು ಮೌನ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, “ಬ್ರಷ್ ಹಿಡಿಯೋಕೆ ಬರೋ ಮುಂಚೇನೇ ಮಿಸ್” ಎಂದ. ಪಾಠದ ತಿರುಳು ಅದೇ.

ಇನ್ನೊಬ್ಬಳು, “ನೀರು ಕುದಿಸಿದರೆ ಹೋಗುತ್ತಾ?” ಎಂದಳು. ಇಲ್ಲ, ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಸಾಂದ್ರತೆ ಹೆಚ್ಚುತ್ತದೆ. ಉಪ್ಪುನೀರು ಕುದಿಸಿದ ಅನುಭವದಿಂದ ಮಕ್ಕಳೇ ಇದನ್ನು ವಿವರಿಸಿದರು.

ಮೌಲ್ಯಮಾಪನ

‘ಅಕ್ಕನ ಹಲ್ಲಿನಲ್ಲಿ ಕಲೆ ಇದೆ. ತಮ್ಮನಿಗೆ 1 ವರ್ಷ. ಮನೆಯವರು ಏನು ಮಾಡಬೇಕು?’ ಎಂಬ ಪ್ರಶ್ನೆ ಕೊಟ್ಟೆ. ಹೆಚ್ಚಿನವರು ‘ನೀರು ಪರೀಕ್ಷಿಸಬೇಕು, ಶುದ್ಧ ನೀರಿನ ಘಟಕದ ನೀರು ಕುಡಿಸಬೇಕು’ ಎಂದು ಬರೆದರು. ಅಡುಗೆಗೆ ಬಳಸುವ ನೀರೂ ಲೆಕ್ಕಕ್ಕೆ ಬರುತ್ತದೆ ಎಂಬುದು ಕೆಲವರಿಗಷ್ಟೇ ಹೊಳೆದಿತ್ತು. ಮರುದಿನ ಅದನ್ನು ಬಲಪಡಿಸಿದೆ. ಪುಟ್ಟ ಮಕ್ಕಳು ಪೇಸ್ಟ್ ನುಂಗದಂತೆ ನೋಡಿಕೊಳ್ಳಬೇಕೆಂದೂ ಸೇರಿಸಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

7ನೇ ತರಗತಿಯ ಮಗುವಿನ ಬಾಚಿಹಲ್ಲನ್ನು ನಮ್ಮ ಪಾಠ ಬದಲಿಸದು. ಆದರೆ ಅದೇ ಮನೆಯ ಕೂಸಿನ ಹಲ್ಲು ಈಗ ರೂಪುಗೊಳ್ಳುತ್ತಿದೆ. ಆ ಸುದ್ದಿಯನ್ನು ಮನೆಗೆ ಒಯ್ಯುವವರು ಈ ದೊಡ್ಡ ಮಕ್ಕಳೇ. ಬಂಗಾರಪೇಟೆ, ಕೆಜಿಎಫ್ ಕಡೆ ಅಭ್ಯಾಸಕ್ಕೆ ಹೋಗುವವರು ಶಾಲೆಯ ಕುಡಿಯುವ ನೀರಿನ ಮೂಲ ಯಾವುದೆಂದು ಮೊದಲ ದಿನವೇ ಕೇಳಿಕೊಳ್ಳಿ. ಮಕ್ಕಳ ಹಲ್ಲಿನ ಬಗ್ಗೆ ತರಗತಿಯಲ್ಲಿ ಟೀಕೆ ಬೇಡ. ಅಗತ್ಯ ಕಂಡರೆ ಪೋಷಕರೊಂದಿಗೆ ಪ್ರತ್ಯೇಕವಾಗಿ ಮಾತಾಡಿ.