ಅಪ್ಪನ ಋಣ: ನಾಲ್ಕನೇ ಕಟ್ಟಳೆ ಯಾರಿಗೆ ಹೇಳಿದ್ದು?



ಈ ಪಾಠವನ್ನು ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿಸಿಕೊಳ್ಳಿ. ಮಧ್ಯೆ ಮಾತಾಡಬೇಕು ಅನ್ನಿಸಿದರೆ ನಿಲ್ಲಿಸಿ ಮಾತಾಡಿ, ಅವಸರವಿಲ್ಲ.

ತಂದೆತಾಯಿಯರನ್ನು ಗೌರವಿಸಬೇಕು ಎನ್ನುವುದು ದೇವರ ಹತ್ತು ಕಟ್ಟಳೆಗಳಲ್ಲಿ ನಾಲ್ಕನೆಯದು. ಧರ್ಮೋಪದೇಶದ ಕ್ಲಾಸಿನಲ್ಲಿ ಇದನ್ನು ಬಾಯಿಪಾಠ ಮಾಡುವಾಗ ನಾವು ಏಳೆಂಟು ವರ್ಷದವರು. ಹಾಗಾಗಿ ಅಪ್ಪ ಅಮ್ಮನ ಮಾತು ಕೇಳಬೇಕು, ಎದುರು ಮಾತಾಡಬಾರದು ಅಂತ ಅರ್ಥ ಮಾಡಿಕೊಂಡು ಅಲ್ಲಿಗೇ ಬಿಟ್ಟುಬಿಟ್ಟಿದ್ದೇವೆ. ಆದರೆ ಕೊಲೆ ಮಾಡಬಾರದು, ವ್ಯಭಿಚಾರ ಮಾಡಬಾರದು ಎನ್ನುವ ಕಟ್ಟಳೆಗಳು ದೊಡ್ಡವರಿಗೆ ಹೇಳಿದ್ದಾದರೆ, ಮಧ್ಯದಲ್ಲಿರುವ ಇದೊಂದು ಮಾತ್ರ ಚಿಕ್ಕ ಮಕ್ಕಳಿಗೆ ಹೇಗಾಗುತ್ತದೆ? ಸೀನಾಯಿ ಬೆಟ್ಟದ ಬುಡದಲ್ಲಿ ನಿಂತು ಕೇಳಿದವರಲ್ಲಿ ಸಂಸಾರಸ್ಥರಿದ್ದರು. ಅವರ ಜೊತೆಗೆ ನಡೆಯಲಾರದ ಮುದುಕರೂ ಇದ್ದಿರಬೇಕು.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇದನ್ನು ಸ್ಪಷ್ಟವಾಗಿ ಬಿಡಿಸಿ ಹೇಳುತ್ತದೆ. ಮಕ್ಕಳು ಬೆಳೆದು ಸ್ವತಂತ್ರರಾದ ಮೇಲೆ ವಿಧೇಯತೆಯ ಕಟ್ಟು ಮುಗಿಯುತ್ತದೆ, ಗೌರವ ಮುಗಿಯುವುದಿಲ್ಲ (2217). ಮುಪ್ಪಿನಲ್ಲಿ, ಕಾಯಿಲೆಯಲ್ಲಿ, ಒಂಟಿತನದಲ್ಲಿ ಕೈಲಾದಷ್ಟು ಹಣದ ಆಸರೆ, ಮನಸ್ಸಿನ ಆಸರೆ ಎರಡನ್ನೂ ಕೊಡಬೇಕು (2218). ಇದು ಕೃತಜ್ಞತೆಯಿಂದ ಹುಟ್ಟುವ ಗೌರವ ಎಂದೂ ಅಲ್ಲಿದೆ. ಅಂದರೆ ನಲವತ್ತು ವರ್ಷದ ಮಗನಿಗೆ, ಮದುವೆಯಾಗಿ ಬೇರೆ ಊರಿಗೆ ಹೋದ ಮಗಳಿಗೆ ಈ ಕಟ್ಟಳೆ ಈಗ ಶುರುವಾಗುತ್ತದೆ.

ಸಭೆಗಳಲ್ಲಿ ಅಮ್ಮನ ಬಗ್ಗೆ ಹೇಳಿ ಅಂದರೆ ಎಲ್ಲರೂ ಮಾತಾಡುತ್ತಾರೆ, ಕಣ್ಣೀರೂ ಬರುತ್ತದೆ. ಅಪ್ಪನ ಬಗ್ಗೆ ಹೇಳಿ ಅಂದರೆ ಸ್ವಲ್ಪ ಹೊತ್ತು ಮೌನ. ಅಪ್ಪನ ಪ್ರೀತಿ ಹೆಚ್ಚಾಗಿ ಮನೆಯ ಹೊರಗಿನ ದುಡಿಮೆಯಲ್ಲಿತ್ತು, ನಾವು ಅದನ್ನು ಕಣ್ಣಾರೆ ಕಂಡಿಲ್ಲ. ಮಲೆನಾಡಿನ ಕಾಫಿ ತೋಟದಲ್ಲಿ ಮರಗಸಿ ಮಾಡುವವರು, ಮೆಣಸು ಕೊಯ್ಯಲು ಬಿದಿರಿನ ಏಣಿ ಹತ್ತುವವರು ಎಷ್ಟೋ ಮಂದಿ ನಮ್ಮ ಅಪ್ಪಂದಿರು. ಸಂಜೆ ಲೈನ್ ಮನೆಗೆ ಬಂದು ಸುಮ್ಮನೆ ಬೀಡಿ ಹಚ್ಚಿ ಕೂತ ಅಪ್ಪನನ್ನು ಮಾತ್ರ ನಾವು ನೋಡಿದೆವು. ನಾನು ಕಾನ್ವೆಂಟಿಗೆ ಸೇರಲು ಹೊರಟ ದಿನ ನನ್ನ ತಂದೆ ಟ್ರಂಕು ಹೊತ್ತು ಬಸ್ಸಿನವರೆಗೆ ಬಂದರು. ದಾರಿಯುದ್ದಕ್ಕೂ ಒಂದು ಮಾತಿಲ್ಲ.

ಸಂತ ಜೋಸೆಫರೂ ಹಾಗೆಯೇ. ನಾಲ್ಕು ಶುಭಸಂದೇಶಗಳಲ್ಲಿ ಹುಡುಕಿದರೂ ಅವರ ಬಾಯಿಂದ ಬಂದ ಒಂದು ಮಾತೂ ಸಿಗುವುದಿಲ್ಲ. ರಾತ್ರೋರಾತ್ರಿ ಎದ್ದು ಮಗುವನ್ನೂ ತಾಯಿಯನ್ನೂ ಈಜಿಪ್ಟಿಗೆ ಕರೆದೊಯ್ದದ್ದು ಸಿಗುತ್ತದೆ. ಮರದ ಕೆಲಸ ಸಿಗುತ್ತದೆ. ಮೇ 1ನ್ನು ಶ್ರಮಿಕ ಸಂತ ಜೋಸೆಫರ ಹಬ್ಬವೆಂದು 1955ರಲ್ಲಿ ಗೊತ್ತುಮಾಡಲಾಯಿತು. ಆ ದಿನ ನಮ್ಮ ಕೂಲಿ ಅಪ್ಪಂದಿರ ಹಬ್ಬವೂ ಹೌದು ಅಂತ ನಾನು ಹೇಳುತ್ತಿರುತ್ತೇನೆ. 2020ರ ಡಿಸೆಂಬರ್‌ನಲ್ಲಿ ಅಂದಿನ ವಿಶ್ವಗುರು ಫ್ರಾನ್ಸಿಸರು ಜೋಸೆಫರ ಬಗ್ಗೆ ಬರೆದ ಪತ್ರಕ್ಕೆ ‘ಪಾತ್ರಿಸ್ ಕೋರ್ದೆ’ ಎಂದು ಹೆಸರು, ತಂದೆಯ ಹೃದಯದಿಂದ ಎಂದರ್ಥ. ಯೇಸುಸ್ವಾಮಿ ಗೆತ್ಸೆಮನೆಯಲ್ಲಿ ದೇವರನ್ನು ‘ಅಬ್ಬಾ’ ಎಂದು ಕರೆದರು. ಆ ಪದವನ್ನು ಅವರು ನಜರೇತಿನ ಮನೆಯಲ್ಲಿ ಮೊದಲು ಜೋಸೆಫರಿಗೇ ಕರೆದಿರಬೇಕು ಅಲ್ಲವೇ?

ಇನ್ನು ಸ್ವಲ್ಪ ಕಹಿ ಮಾತು. ಮಾರ್ಕನ ಶುಭಸಂದೇಶದ 7ನೇ ಅಧ್ಯಾಯ ತೆಗೆದು ಓದಿ. ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು, ಎಂದು ಹೇಳಿಬಿಟ್ಟರೆ ಆ ಹಣವನ್ನು ಅಪ್ಪ ಅಮ್ಮನಿಗೆ ಕೊಡಬೇಕಾಗಿಲ್ಲ ಎಂಬ ಪದ್ಧತಿಯಿತ್ತು. ಯೇಸು ಇದನ್ನು ಖಂಡಿಸಿದರು. ಹಬ್ಬಕ್ಕೆ ದೊಡ್ಡ ವಂತಿಗೆ ಬರೆಸಿ, ಅಪ್ಪನ ಬಿಪಿ ಮಾತ್ರೆಗೆ ‘ಮುಂದಿನ ತಿಂಗಳು ನೋಡೋಣ’ ಅನ್ನುವ ಮನೆಗಳು ನಮ್ಮಲ್ಲಿ ಇಲ್ಲವೇ? ಮಾತ್ರೆ ತಂದುಕೊಟ್ಟ ಮೇಲೆ ಉಳಿದದ್ದನ್ನು ದೇವಾಲಯಕ್ಕೆ ಕೊಡಿ. ಗುರುಗಳು ಬೇಸರಪಟ್ಟುಕೊಳ್ಳುವುದಿಲ್ಲ.

ಒಂದು ಸಭೆಯಲ್ಲಿ ಒಬ್ಬ ಹೆಣ್ಣುಮಗಳು ಕೇಳಿದಳು: “ಸಿಸ್ಟರ್, ನಮ್ಮಪ್ಪ ಕುಡಿದು ಬಂದು ಅಮ್ಮನಿಗೆ ಹೊಡೀತಿದ್ದುದೇ ನೆನಪು. ಅವರಿಗೆ ಏನಂತ ಕೃತಜ್ಞತೆ ಹೇಳ್ಲಿ?” ಇದು ನಿಜವಾದ ಪ್ರಶ್ನೆ, ಬಹಳ ಮಂದಿಯ ಪ್ರಶ್ನೆ. ಕಟ್ಟಳೆಯಲ್ಲಿ ‘ಒಳ್ಳೆಯ ತಂದೆ’ ಎಂಬ ಮಾತಿಲ್ಲ. ಹಾಗಂತ ಆದ ಅನ್ಯಾಯವನ್ನು ಮುಚ್ಚಿಡಬೇಕು ಅಂತಲೂ ಇಲ್ಲ. ಮಕ್ಕಳನ್ನು ಕೆಣಕಿ ಸಿಟ್ಟಿಗೆಬ್ಬಿಸಬೇಡಿ ಎಂದು ಸಂತ ಪೌಲರು ತಂದೆಯರಿಗೂ ಬುದ್ಧಿ ಹೇಳಿದ್ದಾರೆ. ಸುಳ್ಳು ಹೇಳಿ ಕೃತಜ್ಞತೆ ಹುಟ್ಟುವುದಿಲ್ಲ. ಆಕೆಗೆ ನಾನು ಹೇಳಿದ್ದು ಇಷ್ಟೇ: ಇಡೀ ಅಪ್ಪನನ್ನು ಹೊಗಳಬೇಡ, ನಿಜವಾದ ಒಂದನ್ನು ಹುಡುಕು. ಎರಡು ತಿಂಗಳ ನಂತರ ಬಂದು ಹೇಳಿದಳು: ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ಅಂತ ಮನೆಯವರೆಲ್ಲ ಅಂದಾಗ, ಬೇಡ ಅಂದವರು ಆ ಅಪ್ಪನೇ. ಈಗ ಅವರಿಗೆ ಮರೆವಿನ ಕಾಯಿಲೆ, ಅವಳ ಹೆಸರೂ ನೆನಪಿಲ್ಲ. ದಿನಾ ಗಂಜಿ ತಿನ್ನಿಸುತ್ತಾಳೆ. ತಂದೆಯ ಬುದ್ಧಿ ಮಂಕಾದರೂ ತಾಳ್ಮೆಯಿಂದಿರು ಎಂದು ಸಿರಾಖನು ತನ್ನ ಗ್ರಂಥದ 3ನೇ ಅಧ್ಯಾಯದಲ್ಲಿ ಹೇಳಿದ್ದು ಇಂಥ ಮನೆಗಳಿಗೇ. ಇನ್ನೂ ಘೋರವಾದ ಅನ್ಯಾಯ ಅನುಭವಿಸಿದವರನ್ನು ಮಾತ್ರ ‘ಕ್ಷಮಿಸು’ ಅಂತ ಸಭೆಯಲ್ಲಿ ಯಾರೂ ಒತ್ತಾಯಿಸಬಾರದು. ಅವರು ಪ್ರತ್ಯೇಕವಾಗಿ ಬಂದು ಮಾತಾಡಲಿ.

ಕಾನೂನಿನ ಸಂಗತಿಯನ್ನೂ ತಿಳಿದಿರಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಲ್ಲಿ ಮಗ ಮಾತ್ರವಲ್ಲ, ಮಗಳೂ ಹೊಣೆ. ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಜಮೀನನ್ನೋ ಮನೆಯನ್ನೋ ಮಕ್ಕಳ ಹೆಸರಿಗೆ ಬರೆಯುವ ಅಪ್ಪಂದಿರು, ‘ಕೊನೆತನಕ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಲಿ. ಷರತ್ತು ಮುರಿದರೆ ಸೆಕ್ಷನ್ 23ರ ಪ್ರಕಾರ ಆ ಪತ್ರವನ್ನು ರದ್ದುಮಾಡಿಸಲು ಅವಕಾಶವಿದೆ. ಹಿರಿಯರ ಸಹಾಯವಾಣಿ 14567.

ಮುಂದಿನ ಸಭೆಗೆ ಬರುವಾಗ ನಿಮ್ಮ ಅಪ್ಪನ ಅಥವಾ ಮಾವನ ಆಧಾರ್ ಕಾರ್ಡು, ರೇಷನ್ ಕಾರ್ಡು, ಬ್ಯಾಂಕ್ ಪಾಸ್ ಪುಸ್ತಕದ ಜೆರಾಕ್ಸ್ ತನ್ನಿ. 65 ದಾಟಿಯೂ ಸಂಧ್ಯಾ ಸುರಕ್ಷಾ ಪಿಂಚಣಿ ಬಾರದಿದ್ದವರ ಪಟ್ಟಿ ಮಾಡೋಣ. ಅರ್ಹರಿದ್ದರೆ ನಾಡಕಚೇರಿಯಲ್ಲಿ ಅರ್ಜಿ ಹಾಕಲು ನಮ್ಮ ಕಾರ್ಯಕರ್ತೆ ಜೊತೆಗೆ ಬರುತ್ತಾರೆ. ಹೊರಡುವ ಮೊದಲು ಅಪ್ಪನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ಅವರು ಮೊದಲು ಕೂಲಿಗೆ ಹೋದದ್ದು ಎಷ್ಟನೇ ವಯಸ್ಸಿಗೆ ಅಂತ ಕೇಳಿಕೊಂಡು ಬನ್ನಿ.