ಚಿಪ್ಪಿಗೂ ಬೇಕು ನಿದ್ದೆ (ಮಕ್ಕಳೊಡನೆ ಕೂತು ಓದಿ)



ಶಾಲೆಯ ವಿಜ್ಞಾನ ಮೇಳಕ್ಕೆಂದು ಮಗಳು ಹೂಕುಂಡದ ತೇವ ಅಳೆಯುವ ಯಂತ್ರ ಮಾಡಿದ್ದಳು. ಒಂದು ಆರ್ಡುಯಿನೊ ಊನೊ ಬೋರ್ಡು, 6 ಎಎ ಸೆಲ್ಲು. ಶುಕ್ರವಾರ ಸಂಜೆ ಹಾಕಿದ ಸೆಲ್ಲು ಭಾನುವಾರ ಊಟದ ಹೊತ್ತಿಗೆ ಖಾಲಿ! ಮೇಳಕ್ಕೆ ಇನ್ನೊಂದೇ ವಾರ. "ಅಮ್ಮಾ, ಗಂಟೆಗೊಂದು ಸಲ ಅಳೆಯೋದಕ್ಕೆ ಇಷ್ಟೊಂದು ಕರೆಂಟ್ ಯಾಕೆ?" ಎಂದಳು. ಅದೇ ಈ ಸಲದ ಪಾಠ.

ಬೋರ್ಡಿನ ಮೆದುಳು ಎಟಿಮೆಗಾ328ಪಿ ಎಂಬ ಮೈಕ್ರೋಕಂಟ್ರೋಲರ್. ಕೆಲಸವಿರಲಿ ಬಿಡಲಿ, ಅದರ ಗಡಿಯಾರ ಸೆಕೆಂಡಿಗೆ 1.6 ಕೋಟಿ ಸಲ ಮಿಡಿಯುತ್ತಲೇ ಇರುತ್ತದೆ. ಮಲಗು ಎಂದು ನಾವೇ ಪ್ರೋಗ್ರಾಮಿನಲ್ಲಿ ಹೇಳಬೇಕು. ಅದಕ್ಕೆ 6 ಬಗೆಯ ನಿದ್ದೆಗಳಿವೆ. ಎರಡನ್ನು ನೋಡೋಣ.

ಐಡಲ್: ಇದು ಕೋಳಿನಿದ್ದೆ. ಲೆಕ್ಕ ಮಾಡುವ ಭಾಗ ಮಾತ್ರ ನಿಲ್ಲುತ್ತದೆ. ಟೈಮರ್ ಮುಂತಾದವು ಎಚ್ಚರವಾಗಿರುತ್ತವೆ. ಉಳಿತಾಯ ಸ್ವಲ್ಪವೇ.

ಪವರ್-ಡೌನ್: ಇದು ಕುಂಭಕರ್ಣನ ನಿದ್ದೆ. ಮುಖ್ಯ ಗಡಿಯಾರವೇ ನಿಲ್ಲುತ್ತದೆ, ಆದರೆ ನೆನಪು ಅಳಿಯುವುದಿಲ್ಲ. ಎಬ್ಬಿಸಲು ಗುಂಡಿ ಒತ್ತಿದಂಥ ಹೊರಗಿನ ಸಂಕೇತ ಬೇಕು, ಇಲ್ಲವೇ ಒಳಗಿನ ವಾಚ್‌ಡಾಗ್ ಟೈಮರ್. ಅದರ ಅತಿ ದೀರ್ಘ ಅವಧಿ ಸುಮಾರು 8 ಸೆಕೆಂಡು. ಗಂಟೆಗೊಮ್ಮೆ ಅಳೆಯಬೇಕೆಂದರೆ? ಎದ್ದು, ಎಣಿಸಿ, ಮತ್ತೆ ಮಲಗಬೇಕು. 450ನೇ ಸಲ ಎದ್ದಾಗ ಅಳೆದರಾಯಿತು.

3 ವೋಲ್ಟ್, 8 ಮೆಗಾಹರ್ಟ್ಸ್‌ನಲ್ಲಿ ಎಚ್ಚರವಿರುವ ಚಿಪ್ಪಿಗೆ ಸುಮಾರು 3 ಮಿಲಿಆಂಪ್ ಬೇಕು. ವಾಚ್‌ಡಾಗ್ ಕಾವಲಿನಲ್ಲಿ ಮಲಗಿದರೆ ಸುಮಾರು 4 ಮೈಕ್ರೋಆಂಪ್ ಸಾಕು. ನೂರಾರು ಪಟ್ಟು ಕಡಿಮೆ!

ಇಷ್ಟು ತಿಳಿದು ನಿದ್ದೆಯ ಸಾಲುಗಳನ್ನು ಸೇರಿಸಿದೆವು. ಮೀಟರ್ ಹಿಡಿದರೆ ಹತ್ತಾರು ಮಿಲಿಆಂಪ್ ಇನ್ನೂ ಹರಿಯುತ್ತಿದೆ! ಮನೆಮಂದಿ ಮಲಗಿದರೂ ದೀಪ ಆರಿಸದಿದ್ದರೆ ಬಿಲ್ಲು ಬಂದೇ ಬರುತ್ತದಲ್ಲವೇ? ಬೋರ್ಡಿನ ಹಸಿರು ದೀಪ, ವೋಲ್ಟೇಜ್ ರೆಗ್ಯುಲೇಟರ್, ಯುಎಸ್‌ಬಿ ಚಿಪ್ಪು ಇವು ಯಾವುವೂ ಮಲಗಿರಲಿಲ್ಲ. ಕೊನೆಗೆ ಬೋರ್ಡನ್ನೇ ಬಿಟ್ಟು, 8 ಮೆಗಾಹರ್ಟ್ಸ್‌ಗೆ ಹೊಂದಿಸಿದ ಬರಿ ಚಿಪ್ಪನ್ನು 2 ಸೆಲ್ಲಿಗೆ ಜೋಡಿಸಿದೆವು. ತೇವದ ಸೆನ್ಸರಿಗೆ ಅಳೆಯುವಾಗ ಮಾತ್ರ ಕರೆಂಟು ಕೊಟ್ಟೆವು. ಮಲಗಿಸುವ ಮುನ್ನ ಅಳತೆಯ ಎಡಿಸಿ ಘಟಕವನ್ನೂ ಆರಿಸಿದೆವು. ಮೇಳ ಮುಗಿದು ತಿಂಗಳುಗಳಾದವು. ಅದೇ ಸೆಲ್ಲಿನಲ್ಲಿ ನಮ್ಮ ಕರಿಬೇವಿನ ಕುಂಡಕ್ಕೆ ಈಗಲೂ ಅದೇ ಕಾವಲು.

ಪುಟಾಣಿಗಳಿಗೆ ಮನೆಲೆಕ್ಕ: ಸೆಲ್ಲಿನಲ್ಲಿ 2000 ಮಿಲಿಆಂಪ್-ಗಂಟೆ ಶಕ್ತಿಯಿದೆ ಎನ್ನಿ. 3 ಮಿಲಿಆಂಪ್ ತಿನ್ನುವ ಚಿಪ್ಪು ಎಷ್ಟು ದಿನ ಎಚ್ಚರವಿದ್ದೀತು? 45 ಮಿಲಿಆಂಪ್ ತಿನ್ನುವ ಬೋರ್ಡು? ಎರಡನೆಯ ಉತ್ತರ ನೋಡಿದರೆ ನಮ್ಮ ಭಾನುವಾರದ ಕಥೆ ಅರ್ಥವಾಗುತ್ತದೆ!