ಕುದುರೆಯನ್ನು ನೋಡುವ ಕ್ರಮ

ಪ್ರಾಣಿಯೊಂದರ ವರ್ತನೆಯ ಅಧ್ಯಯನವು ಅದು ಮಾಡುವ ಕ್ರಿಯೆಗಳಿಗೆ ಒಂದೊಂದು ಹೆಸರು ಕೊಟ್ಟು, ಆ ಹೆಸರು ಯಾವ ಚಲನೆಗೆ ಸಲ್ಲುತ್ತದೆ ಎಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ಬರೆದಿಟ್ಟುಕೊಳ್ಳುವುದರಿಂದ ಆರಂಭವಾಗುತ್ತದೆ. ಹೀಗೆ ಸಿದ್ಧವಾದ ಪಟ್ಟಿಗೆ ಎಥೋಗ್ರಾಮ್, ಎಂದರೆ ವರ್ತನಾಪಟ್ಟಿ, ಎಂದು ಹೆಸರು. ಸಾವಿರಾರು ವರ್ಷ ಮನುಷ್ಯನೊಂದಿಗೆ ಬಾಳಿದ ಕುದುರೆಯ ಸಿಟ್ಟು, ಹೆದರಿಕೆ, ಹಟಗಳನ್ನು ಹೇಳಲು ಸವಾರರಲ್ಲೂ ಲಾಯದವರಲ್ಲೂ ಮಾತುಗಳು ಸಿದ್ಧವಾಗಿಯೇ ಇರುವುದರಿಂದ ಈ ಕೆಲಸ ಸುಲಭವೆಂದು ತೋರುತ್ತದೆ. ಆದರೆ ಸಿಟ್ಟು ಎಂಬುದು ಕಣ್ಣಿಗೆ ಕಂಡದ್ದಲ್ಲ, ಕಂಡದ್ದಕ್ಕೆ ಹಚ್ಚಿದ ಅರ್ಥ. ಈ ಲೇಖಕಿ ಲಾಯವೊಂದರಲ್ಲಿ ಮೊದಲ ಬಾರಿಗೆ ವೀಕ್ಷಣೆಗೆ ತೊಡಗಿದಾಗ ಮಾಡಿಕೊಂಡ ಪಟ್ಟಿಯಲ್ಲಿ ‘ಸಿಟ್ಟು’ ಎಂಬ ಅಂಕಣವಿತ್ತು. ಕುದುರೆಯ ಕಿವಿ ಹಿಂದಕ್ಕೆ ಹೋದಾಗಲೆಲ್ಲ ಅಲ್ಲಿ ಗುರುತು ಬೀಳುತ್ತಿತ್ತು. ಕಿವಿಗಳನ್ನು ತಲೆಗೆ ಚಪ್ಪಟೆಯಾಗಿ ಒತ್ತಿ, ಹೊಳ್ಳೆ ಬಿಗಿದು, ಕತ್ತು ಚಾಚಿ ಪಕ್ಕದ ಕುದುರೆಯನ್ನು ಬೆದರಿಸುವುದು ಒಂದು. ಬೆನ್ನ ಹಿಂದೆ ಬಕೆಟ್ಟಿನ ಸದ್ದಾದಾಗ ಕತ್ತು ಸಡಿಲವಾಗಿದ್ದಂತೆಯೇ ಕಿವಿಗಳು ಮಾತ್ರ ಆ ಕಡೆ ತಿರುಗುವುದು ಇನ್ನೊಂದು. ಕೆಳದುಟಿ ಜೋತುಬಿದ್ದು, ಹಿಂಗಾಲಿನ ಗೊರಸಿನ ತುದಿಯಷ್ಟೇ ನೆಲಕ್ಕೆ ತಾಗಿ, ತೂಕಡಿಕೆಯಲ್ಲಿ ಕಿವಿಗಳು ಇಳಿಬೀಳುವುದು ಮತ್ತೊಂದು. ಮೂರೂ ಒಂದೇ ಅಂಕಣದಲ್ಲಿ ಸೇರಿಹೋಗಿದ್ದರಿಂದ ಅವನ್ನು ಮತ್ತೆ ಬಿಡಿಸುವ ದಾರಿಯೇ ಇರಲಿಲ್ಲ, ಆ ವಾರಗಳ ಪುಟಗಳನ್ನು ಪೂರ್ತಿಯಾಗಿ ಬದಿಗಿಡಬೇಕಾಯಿತು. 2015ರಲ್ಲಿ ಪ್ರಕಟವಾದ ಇಕ್ವಿಫ್ಯಾಕ್ಸ್ ಎಂಬ ಪದ್ಧತಿ ಕುದುರೆಯ ಮುಖದಲ್ಲಿ 17 ಸ್ನಾಯುಚಲನೆಗಳನ್ನು ಗುರುತಿಸಿ, ಅವುಗಳಿಗೆ ಯಾವ ಭಾವದ ಹೆಸರನ್ನೂ ಕೊಡದೆ ಬಿಟ್ಟಿರುವುದರ ಬೆಲೆ ಇಂಥ ನಷ್ಟವನ್ನು ಅನುಭವಿಸಿದವರಿಗೆ ಚೆನ್ನಾಗಿ ತಿಳಿಯುತ್ತದೆ.

ಪಟ್ಟಿ ಸರಿಯಾದ ಮೇಲೂ ಯಾವುದನ್ನು, ಯಾವಾಗ ನೋಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯುತ್ತ ಹೋದರೆ ಪುಸ್ತಕದ ತುಂಬ ಒದೆತ, ಕಚ್ಚಾಟ, ಕೆನೆತಗಳೇ ತುಂಬುತ್ತವೆ. ಬಯಲಲ್ಲಿರುವ ಕುದುರೆ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ತಲೆ ತಗ್ಗಿಸಿ ಮೇಯುತ್ತಲೇ ಇರುತ್ತದೆಂಬ ದೊಡ್ಡ ಸಂಗತಿ ಬಿಟ್ಟುಹೋಗುತ್ತದೆ. ಆಫ್ರಿಕಾದ ಬಬೂನ್ ಕೋತಿಗಳನ್ನು ಅಭ್ಯಸಿಸಿದ ಜೀನ್ ಆಲ್ಟ್‌ಮನ್ 1974ರಲ್ಲಿ ಪ್ರಕಟಿಸಿದ ಪ್ರಬಂಧ ಈ ದೋಷವನ್ನು ಸ್ಪಷ್ಟವಾಗಿ ತೋರಿಸಿತು. ನಿಗದಿತ ಅವಧಿಯುದ್ದಕ್ಕೂ ಮೊದಲೇ ಆರಿಸಿದ ಒಂದೇ ಪ್ರಾಣಿಯ ಮೇಲೆ ಕಣ್ಣಿಡುವುದು ಮತ್ತು ಗೊತ್ತಾದ ಅಂತರಕ್ಕೊಮ್ಮೆ ಇಡೀ ಗುಂಪಿನ ಮೇಲೆ ಕಣ್ಣಾಡಿಸಿ ಆ ಕ್ಷಣಕ್ಕೆ ಯಾವುದು ಏನು ಮಾಡುತ್ತಿದೆಯೆಂದು ಗುರುತಿಸುವುದು ಎಂಬ ಅಲ್ಲಿನ ಎರಡು ವಿಧಾನಗಳನ್ನು ಇಂದಿಗೂ ಕುದುರೆಯ ಅಧ್ಯಯನದಲ್ಲಿ ಬಳಸುತ್ತಾರೆ. ಇಬ್ಬರು ಬೇರೆಬೇರೆಯಾಗಿ ಬರೆದ ದಾಖಲೆಗಳನ್ನು ಹೋಲಿಸಿ ನೋಡುವುದೂ ಅಷ್ಟೇ ಅಗತ್ಯ. ದಾಖಲೆಗಳು ಹೊಂದದಿದ್ದರೆ ಬದಲಾಗಬೇಕಾದದ್ದು ಬಹುಮಟ್ಟಿಗೆ ಪಟ್ಟಿಯ ವಿವರಣೆಯೇ ಹೊರತು ನೋಡುವವರಲ್ಲ.

ಇವೆಲ್ಲಕ್ಕಿಂತ ಕಷ್ಟದ ತೊಡಕು, ಕುದುರೆಯೂ ವೀಕ್ಷಕರನ್ನು ನೋಡುತ್ತಿರುತ್ತದೆ ಎಂಬುದು. ಅದರ ಕಣ್ಣುಗಳು ತಲೆಯ ಎರಡೂ ಬದಿಗಿರುವುದರಿಂದ ದೃಷ್ಟಿ ಸುಮಾರು 350 ಡಿಗ್ರಿ ಸುತ್ತಳತೆಯನ್ನು ಆವರಿಸುತ್ತದೆ. ಲಾಯದ ಬಾಗಿಲಲ್ಲಿ ನಿಂತವರು ಕಾಲು ಬದಲಿಸಿದರೂ ಅದಕ್ಕೆ ತಿಳಿಯುತ್ತದೆ. ಬರ್ಲಿನ್ನಿನ ನಿವೃತ್ತ ಉಪಾಧ್ಯಾಯ ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಅವರ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕಗಳಿಗೆ ಉತ್ತರ ಹೇಳುತ್ತದೆಂದು ಹೆಸರಾಗಿತ್ತು. 1904ರಲ್ಲಿ ಪರಿಶೀಲಿಸಿದ ಮಂಡಳಿಗೆ ಅದರಲ್ಲಿ ಯಾವ ಮೋಸವೂ ಕಾಣಲಿಲ್ಲ. ಆಮೇಲೆ ಓಸ್ಕರ್ ಫುಂಗ್‌ಸ್ಟ್ ಪರೀಕ್ಷೆಯ ಕ್ರಮವನ್ನೇ ಬದಲಿಸಿದರು: ಉತ್ತರ ಗೊತ್ತಿಲ್ಲದವರಿಂದ ಪ್ರಶ್ನೆ ಕೇಳಿಸಿದರು, ಕೇಳುವವರು ಕಾಣದಂತೆ ಕುದುರೆಯ ಕಣ್ಣಿನ ಬದಿಗೆ ಮರೆ ಕಟ್ಟಿಸಿದರು. ಆಗ ಹಾನ್ಸ್ ತಪ್ಪತೊಡಗಿತು. ಗೊರಸಿನತ್ತ ಬಾಗಿ ಎಣಿಸುತ್ತಿದ್ದವರು ಸರಿಯಾದ ಸಂಖ್ಯೆ ಬಂದೊಡನೆ ತಮಗರಿವಿಲ್ಲದೆಯೇ ತಲೆಯನ್ನು ಕೂದಲೆಳೆಯಷ್ಟು ಮೇಲೆತ್ತುತ್ತಿದ್ದರು, ಕುದುರೆ ಅದನ್ನು ಕಂಡು ಬಡಿಯುವುದನ್ನು ನಿಲ್ಲಿಸುತ್ತಿತ್ತು. ಫುಂಗ್‌ಸ್ಟ್ 1907ರಲ್ಲಿ ಈ ಫಲಿತಾಂಶವನ್ನು ಪುಸ್ತಕವಾಗಿ ಪ್ರಕಟಿಸಿದರು. ಆ ಚಲನೆಯನ್ನು ಕಂಡುಹಿಡಿದ ಮೇಲೂ ಅದನ್ನು ಪೂರ್ತಿಯಾಗಿ ತಡೆಯುವುದು ಸ್ವತಃ ಅವರಿಗೇ ಆಗಲಿಲ್ಲ. ಇದನ್ನು ಓದಿ ತಿಳಿದಿದ್ದ ಈ ಲೇಖಕಿಯೂ ಎರಡು ಬಕೆಟ್ಟುಗಳಲ್ಲಿ ಮೇವಿರುವುದನ್ನು ಆರಿಸುವ ಪ್ರಯೋಗವನ್ನು ತಾನೇ ಮೇವು ಹಾಕಿ, ಎದುರಿಗೇ ನಿಂತು ನಡೆಸಿದ್ದುಂಟು. ಮೇವು ಹಾಕುವ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿ, ಎದುರು ನಿಲ್ಲುವವರಿಗೆ ಯಾವ ಬಕೆಟ್ಟೆಂದು ತಿಳಿಸದೆ ಇಟ್ಟ ದಿನದಿಂದ, ತಡವರಿಸದೆ ಮೇವಿನ ಬಕೆಟ್ಟಿಗೇ ಹೋಗುತ್ತಿದ್ದ ಹೆಣ್ಣು ಕುದುರೆ ಎರಡರ ನಡುವೆ ನಿಂತು ಮನುಷ್ಯರ ಮುಖವನ್ನೇ ನೋಡತೊಡಗಿತು. ಅದರ ಬುದ್ಧಿ ಕಡಿಮೆಯೆಂದು ಇದರಿಂದ ಹೇಳಲಾಗದು; ಪ್ರಯೋಗವು ಅಳೆಯಹೊರಟದ್ದನ್ನು ಬಿಟ್ಟು ಇನ್ನೊಂದು ಬುದ್ಧಿಯನ್ನು ಅಳೆದಿತ್ತು.

ನೋಡುವ ಹೊತ್ತೂ ಹೀಗೆಯೇ ದಾರಿ ತಪ್ಪಿಸುತ್ತದೆ. ಮುಂಗಾಲು ಹಿಂಗಾಲುಗಳ ಕೀಲುಗಳನ್ನು ಬಿಗಿಹಿಡಿಯುವ ಸ್ನಾಯುರಜ್ಜುಗಳ ಏರ್ಪಾಟಿನಿಂದ ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಕನಸು ಬೀಳುವ ಗಾಢನಿದ್ದೆಗೆ ಅದು ಮಲಗಲೇಬೇಕು. ಹಾಗೆ ಮಲಗುವುದು ಹೆಚ್ಚಾಗಿ ನಡುರಾತ್ರಿಯ ನಂತರ, ಅದೂ ಸ್ವಲ್ಪ ಸ್ವಲ್ಪ ಹೊತ್ತು. ಹಗಲಿನ ದಾಖಲೆಗಳಲ್ಲಿ ‘ಮಲಗಿದೆ’ ಎಂಬ ಅಂಕಣ ತಿಂಗಳುಗಟ್ಟಲೆ ಖಾಲಿಯಿತ್ತು. ತೊಲೆಗೆ ಕ್ಯಾಮೆರಾ ಕಟ್ಟಿಸಿದ ಮೇಲೆ, ಮುಂಗಾಲುಗಳನ್ನು ಮಡಚಿ ಮೂತಿಯನ್ನು ಹುಲ್ಲಿಗೆ ಊರಿ, ಕೆಲವು ನಿಮಿಷಗಳ ಬಳಿಕ ಮೆಲ್ಲಗೆ ಒಂದು ಮಗ್ಗುಲಿಗೆ ಒರಗಿದ ಅದೇ ಹೆಣ್ಣು ಕುದುರೆಯ ಗೊರಸುಗಳು ನಿದ್ದೆಯಲ್ಲಿ ಅದಿರುವುದು ಕಂಡಿತು.